ಕವಚದ ಲೆಕ್ಕ

ನವಲಗುಂದ ತಾಲ್ಲೂಕಿನ ಯಮನೂರಿಗೆ ಜಾತ್ರೆಗೆಂದು ಹೋಗಿದ್ದಾಗ, ಬೆಣ್ಣಿಹಳ್ಳದ ದಂಡೆಯಲ್ಲಿ ಅಣ್ಣತಮ್ಮಂದಿರಿಬ್ಬರು ಬೇವಿನ ಮರದ ನೆರಳಿನಲ್ಲಿ ಕುಳಿತು ಮೊಬೈಲಿನಲ್ಲಿ ಯುದ್ಧದ ಆಟವಾಡುತ್ತಿದ್ದುದನ್ನು ಕಂಡೆವು. ರಾಕ್ಷಸರೂ ಮಾಂತ್ರಿಕರೂ ತುಂಬಿದ ಕಲ್ಪಿತ ಲೋಕವದು. ಆಡುವವನು ತನ್ನ ವೀರನಿಗೆ ಬೇಕಾದ ಕವಚವನ್ನು ತಾನೇ ಆರಿಸಿ ತೊಡಿಸಬಹುದು. ಅಣ್ಣನು ಹಣ ತೆತ್ತು ಹೊಸದೊಂದು ಶಿರಸ್ತ್ರಾಣವನ್ನು ಕೊಂಡಿದ್ದನು. ನಾವು ಕಾಲೇಜಿನಲ್ಲಿ ಪಾಠ ಹೇಳುವವರೆಂದು ತಿಳಿದೊಡನೆ ತಮ್ಮನು ದೂರು ತಂದನು: “ಸರ್, ಇವನ ಕವಚಕ್ಕ ಎಷ್ಟ್ ಹೊಡದ್ರೂ ತಟ್ಟೂದಿಲ್ರೀ. ಇದ್ಯಾವ ಆಟರೀ?”

ದೂರು ಹಳೆಯದೇ. ಮಹಾಭಾರತದಲ್ಲಿ ಕರ್ಣನು ಕವಚದೊಡನೆಯೇ ಹುಟ್ಟಿದವನು. ಇಂದ್ರನು ಬ್ರಾಹ್ಮಣವೇಷದಿಂದ ಬಂದು ಅದನ್ನು ಬೇಡಿ ಪಡೆದನು. ಬದಲಿಗೆ ಒಮ್ಮೆ ಮಾತ್ರ ಪ್ರಯೋಗಿಸಬಹುದಾದ ಶಕ್ತ್ಯಾಯುಧವನ್ನು ಕೊಟ್ಟನು. ಇಂದ್ರನ ಕಪಟವನ್ನು ನಾವು ಮೆಚ್ಚಬೇಕಾಗಿಲ್ಲ. ಆದರೆ ಕೊನೆಯಿಲ್ಲದ ರಕ್ಷಣೆಯನ್ನು ತೆಗೆದುಕೊಂಡು ಮಿತಿಯುಳ್ಳ ಬಲವನ್ನು ಕೊಡುವ ಈ ಉಪಾಯವನ್ನು ಇಂದಿನ ಆಟಗಳ ರಚನಕಾರರೂ ಬಲ್ಲರು.

ತಮ್ಮನ ದೂರಿಗೆ ಕಾರಣವೇನು? ಏಟುಗಳನ್ನು ಎಣಿಸಿ ನೋಡಿದಾಗ, ಏಟಿನ ಬಲದಿಂದ ಕವಚದ ಬಲವನ್ನು ಕಳೆಯುವ ಲೆಕ್ಕವೇ ಅಲ್ಲಿದ್ದಂತೆ ತೋರಿತು. ವೀರನ ಪ್ರಾಣಬಲ 100, ಶತ್ರುವಿನ ಏಟು 20 ಎಂದಿಟ್ಟುಕೊಳ್ಳೋಣ. ಕವಚವಿಲ್ಲದಿದ್ದರೆ 5 ಏಟಿಗೆ ಅವನು ಬೀಳುವನು. ಕವಚ 10 ಇದ್ದರೆ 10 ಏಟು. 18 ಇದ್ದರೆ 50 ಏಟು. 19 ಇದ್ದರೆ 100 ಏಟು! ಮೊದಲ ಹತ್ತು ಅಂಶಗಳು ಒಟ್ಟಾಗಿ ಆಯುಷ್ಯವನ್ನು ಇಮ್ಮಡಿಸಿದರೆ, ಹತ್ತೊಂಬತ್ತನೆಯದು ಒಂದೇ ಅದನ್ನು ಮತ್ತೆ ಇಮ್ಮಡಿಸುವುದು. ಇಪ್ಪತ್ತನೆಯದು ಸೇರಿದೊಡನೆ ವೀರನು ಅಮರ. ಅಣ್ಣನು ಕೊಂಡ ಶಿರಸ್ತ್ರಾಣವು ಇಂತಹ ಕೊನೆಯ ಮೆಟ್ಟಿಲಾಗಿದ್ದಿತು. ಶಿರಸ್ತ್ರಾಣಕ್ಕೆ ನೂರಕ್ಕೆ 30, ಎದೆಗವಚಕ್ಕೆ 30, ಗುರಾಣಿಗೆ 40 ಎಂದು ಶೇಕಡಾವಾರು ರಕ್ಷಣೆಯನ್ನು ಕೂಡಿಸುತ್ತ ಹೋದರೂ ಇದೇ ಅನರ್ಥವು ಬಂದೊದಗುವುದು.

2002ರಲ್ಲಿ ಹೊರಬಂದ ‘ವಾರ್‌ಕ್ರಾಫ್ಟ್ 3’ ಎಂಬ ಆಟದಲ್ಲಿ ಬೇರೊಂದು ಸೂತ್ರವುಂಟು. ಕವಚದ ಸಂಖ್ಯೆಯನ್ನು 0.06ರಿಂದ ಗುಣಿಸಿ, ಬಂದ ಲಬ್ಧವನ್ನು, ಅದಕ್ಕೆ 1 ಕೂಡಿಸಿದ ಮೊತ್ತದಿಂದ ಭಾಗಿಸಬೇಕು. ಏಟಿನಲ್ಲಿ ಅಷ್ಟು ಭಾಗವು ತಡೆಯಲ್ಪಡುವುದು. ಕವಚ 10 ಆದರೆ 0.6ನ್ನು 1.6ರಿಂದ ಭಾಗಿಸಿ, ನೂರಕ್ಕೆ 37.5 ಭಾಗ, 50 ಆದರೆ 75 ಭಾಗ, 100 ಆದರೆ ಸುಮಾರು 86 ಭಾಗ. ಎಷ್ಟೇ ಹೇರಿದರೂ ನೂರು ಮುಟ್ಟದು. ಸಾಲಾಗಿ ಜೋಡಿಸಿದ ಎರಡು ರೋಧಗಳು ವಿಭವಾಂತರವನ್ನು ಹಂಚಿಕೊಳ್ಳುವ ಬಗೆಯೂ ಇದೇ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬಹುದು.

ಹಾಗಾದರೆ ಹೆಚ್ಚು ಕವಚ ತೊಟ್ಟವನು ಕ್ರಮೇಣ ನಷ್ಟಕ್ಕೊಳಗಾಗುವನೇ? ಇಲ್ಲ. ಪ್ರಾಣಬಲ 100 ಇರುವ ವೀರನು 10 ಕವಚವಿದ್ದಾಗ ಒಟ್ಟು 160ರಷ್ಟು ಏಟುಗಳನ್ನೂ, 20 ಇದ್ದಾಗ 220ರಷ್ಟನ್ನೂ ತಾಳುವನು. ಪ್ರತಿ ಅಂಶಕ್ಕೂ ಸಮನಾಗಿ 6ರಷ್ಟು ಹೆಚ್ಚಳ! ಮೊದಲನೆಯ ಅಂಶಕ್ಕೂ ನೂರನೆಯ ಅಂಶಕ್ಕೂ ಒಂದೇ ಬೆಲೆ. ಈ ಸರಳತೆಗೆ ನಾವು ಮಾರುಹೋಗಿರುವೆವು.

ಕವಚಕ್ಕೆ ತೂಕವೂ ಇರಬೇಕು. 2011ರ ‘ಡಾರ್ಕ್ ಸೋಲ್ಸ್’ನಲ್ಲಿ ಹೊರುವ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾರ ಹೊತ್ತವನು ಏಟು ತಪ್ಪಿಸಿಕೊಳ್ಳಲು ಉರುಳುವಾಗ ತೀರ ನಿಧಾನವಾಗುವನು; ಕಾಲು ಭಾಗದೊಳಗಿರುವವನು ಚುರುಕಾಗಿ ಉರುಳುವನು.

ಇನ್ನು ಅಲಂಕಾರ. ತನ್ನ ವೀರನು ಚೆಲುವಾಗಿ ಕಾಣಬೇಕೆಂಬ ಆಸೆ ತಪ್ಪೇನೂ ಅಲ್ಲ. 2011ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದವರು ಒಂದು ಕವಚದ ಬಲವನ್ನು ಉಳಿಸಿಕೊಂಡು ಅದಕ್ಕೆ ಇನ್ನೊಂದರ ರೂಪವನ್ನು ಕೊಡುವ ಅನುಕೂಲವನ್ನು ಕಲ್ಪಿಸಿದರು. ಬರಿಯ ರೂಪವನ್ನು ಹಣಕ್ಕೆ ಮಾರಿದರೆ ಬಡವನ ಮಗನು ಅದರಿಂದ ಸೋಲುವುದಿಲ್ಲ. ಬಲವನ್ನು ಮಾರಿದರೆ ಸೋಲುವನು. ಆದರೂ ಇದರಲ್ಲಿ ತೊಡಕೊಂದುಂಟು. ಎದುರಾಳಿಯ ವೇಷವನ್ನು ನೋಡಿ ಅವನ ಬಲವನ್ನು ಊಹಿಸುವುದೂ ಆಟದ ಒಂದು ಕುಶಲತೆಯೇ. ತೆಳು ಅಂಗಿಯೊಳಗೆ ಉಕ್ಕು ಅಡಗಿದ್ದರೆ ಆ ಕುಶಲತೆಯು ವ್ಯರ್ಥ. ಬಣ್ಣವನ್ನು ಬದಲಿಸಲಿ, ಆದರೆ ಹಗುರವೋ ಭಾರವೋ ಎಂಬುದು ಮಾತ್ರ ಕಣ್ಣಿಗೆ ಕಾಣುತ್ತಿರಲಿ ಎಂಬುದು ನಮ್ಮ ಅಭಿಪ್ರಾಯ.

ಇಷ್ಟನ್ನೂ ಹಳ್ಳದ ದಂಡೆಯ ಕರಿಮಣ್ಣಿನಲ್ಲಿ ಕಡ್ಡಿಯಿಂದ ಬರೆದು ತೋರಿಸಿದೆವು. ಅಣ್ಣನು ಸ್ವಲ್ಪ ಹೊತ್ತು ಸುಮ್ಮನಿದ್ದು, ಶಿರಸ್ತ್ರಾಣವನ್ನು ತೆಗೆದಿಟ್ಟು, ಮತ್ತೊಂದು ಆಟಕ್ಕೆ ತಮ್ಮನನ್ನು ಕರೆದನು. ಈ ಬಾರಿಯೂ ಗೆದ್ದವನು ಅಣ್ಣನೇ, ಆದರೆ ಕೂದಲೆಳೆಯ ಅಂತರದಿಂದ. ತಮ್ಮನು ದೂರು ಹೇಳದೆ, “ಇನ್ನೊಂದ್ ಸಲ” ಎಂದನು.