ಕಳೆದ ಬಣ್ಣವನ್ನು ಮರಳಿ ಪಡೆಯಬಹುದೆ?

ಮನೆಯಲ್ಲಿ ಹಳೆಯ ಭಾವಚಿತ್ರಗಳ ಆಲ್ಬಮ್ ಇದ್ದರೆ ವಾಚಕರು ಅದನ್ನೊಮ್ಮೆ ತೆರೆದು ನೋಡಬೇಕು. ಅಜ್ಜ ಅಜ್ಜಿಯರ ಮದುವೆಯ ಕಪ್ಪು ಬಿಳುಪು ಚಿತ್ರ ಅನೇಕ ವೇಳೆ ಇಂದಿಗೂ ಸ್ಪಷ್ಟವಾಗಿರುತ್ತದೆ. ಅದಕ್ಕಿಂತ ಎಷ್ಟೋ ವರ್ಷಗಳ ಅನಂತರ ತೆಗೆಸಿದ ವರ್ಣಚಿತ್ರವಾದರೋ ಮಾಸಿ ಕೆಂಪೇರಿರುತ್ತದೆ. ಹಸುರು ಸೀರೆ ಕಂದಾಗಿರುತ್ತದೆ, ನೀಲಿಯ ಆಕಾಶ ಬಿಳಿಚಿಕೊಂಡಿರುತ್ತದೆ. ಹಿರಿಯದು ಉಳಿದು ಕಿರಿಯದು ಕೆಟ್ಟುದೇಕೆ? ಹಾಲಿವುಡ್ಡಿನ ಒಂದು ಪ್ರಸಿದ್ಧ ಚಲಚ್ಚಿತ್ರದ ಇತಿಹಾಸದಲ್ಲಿ ಇದೇ ಪ್ರಶ್ನೆ ದೊಡ್ಡ ರೂಪದಲ್ಲಿ ಕಾಣಿಸಿಕೊಂಡಿತು.

‘ಲೀವ್ ಹರ್ ಟು ಹೆವನ್’ ಎಂಬ ಆ ಚಿತ್ರ ತೆರೆಕಂಡದ್ದು 1945ರಲ್ಲಿ. ನಿರ್ದೇಶಕ ಜಾನ್ ಎಂ. ಸ್ಟಾಲ್, ತಯಾರಿಸಿದವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯವರು. ಗಂಡನ ಪ್ರೀತಿಯಲ್ಲಿ ಬೇರಾರಿಗೂ ಪಾಲಿರಕೂಡದೆಂಬ ಅಸೂಯೆಯಲ್ಲಿ ಬೇಯುವ ಹೆಣ್ಣಿನ ಕಥೆ ಅದು. ಗಂಡನ ಎಳೆಯ ತಮ್ಮ ಸರೋವರದಲ್ಲಿ ಮುಳುಗುತ್ತಿರುವಾಗ ಆಕೆ ಕಪ್ಪು ಕನ್ನಡಕ ಧರಿಸಿ, ದೋಣಿಯಲ್ಲಿ ಕದಲದೆ ಕುಳಿತು ನೋಡುತ್ತಾಳೆ. ಆ ಕ್ರೂರ ಕೃತ್ಯ ನಡೆಯುವುದು ಕತ್ತಲೆಯಲ್ಲಲ್ಲ. ಹಾಡುಹಗಲಿನಲ್ಲಿ, ನೀಲಿಯ ನೀರಿನ ಮೇಲೆ, ಹಸುರು ಕಾಡಿನ ನಡುವೆ. ಜೀನ್ ಟಿಯರ್ನಿಯ ಅಭಿನಯದಷ್ಟೇ ಈ ಬಣ್ಣಗಳೂ ಕಥೆಯನ್ನು ಹೇಳುತ್ತವೆ. ಛಾಯಾಗ್ರಾಹಕ ಲಿಯಾನ್ ಶಾಮ್ರಾಯ್ ಈ ಚಿತ್ರಕ್ಕಾಗಿಯೇ ಅಕಾಡೆಮಿ ಪ್ರಶಸ್ತಿಯನ್ನು ಪಡೆದನು. ಇಂಥ ಚಿತ್ರದಲ್ಲಿ ಬಣ್ಣ ಕೆಟ್ಟರೆ ಕಥೆಯೇ ಕೆಟ್ಟಂತೆ.

ಆ ಬಣ್ಣಗಳನ್ನು ಹಿಡಿದುದು ಟೆಕ್ನಿಕಲರ್ ಎಂಬ ವಿಧಾನ. ಅದರ ತತ್ತ್ವ ಹಳೆಯದು. 1861ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ಲನು ಲಂಡನ್ನಿನಲ್ಲಿ ಒಂದು ಪ್ರಯೋಗವನ್ನು ತೋರಿಸಿದನು. ಬಣ್ಣದ ಪಟ್ಟಿಯೊಂದರ ಮೂರು ಕಪ್ಪು ಬಿಳುಪು ಚಿತ್ರಗಳನ್ನು ಕೆಂಪು, ಹಸುರು, ನೀಲಿ ಶೋಧಕಗಳ ಮೂಲಕ ತೆಗೆಸಿ, ಅವೇ ಶೋಧಕಗಳ ಮೂಲಕ ತೆರೆಯ ಮೇಲೆ ಒಂದರ ಮೇಲೊಂದು ಬೀಳುವಂತೆ ಮಾಡಿದಾಗ ಪಟ್ಟಿಯ ಬಣ್ಣಗಳು ಮೂಡಿಬಂದವು.

1932ರಲ್ಲಿ ಬಳಕೆಗೆ ಬಂದ ಟೆಕ್ನಿಕಲರ್ ಕ್ಯಾಮರಾ ಇದೇ ಕೆಲಸವನ್ನು ಕ್ಷಣಕ್ಷಣವೂ ಮಾಡುತ್ತಿತ್ತು. ಮಸೂರದ ಹಿಂದೆ ಗಾಜಿನ ಪಟ್ಟಕವೊಂದಿದ್ದು, ಅದರೊಳಗಿನ ಅರೆಕನ್ನಡಿಯಂಥ ಮೇಲ್ಮೈ ಬೆಳಕನ್ನು ಎರಡಾಗಿ ಸೀಳುತ್ತಿತ್ತು. ನೇರವಾಗಿ ಹಾಯ್ದ ಭಾಗ ಹಸುರು ಶೋಧಕವನ್ನು ದಾಟಿ ಒಂದು ಫಿಲಂ ಸುರುಳಿಯ ಮೇಲೆ ಬೀಳುತ್ತಿತ್ತು. ಪ್ರತಿಫಲಿಸಿದ ಭಾಗ ಬೆನ್ನಿಗೆ ಬೆನ್ನು ಹತ್ತಿದಂತೆ ಸಾಗುವ ಎರಡು ಸುರುಳಿಗಳನ್ನು ಸೇರುತ್ತಿತ್ತು. ಮುಂದಿನದು ನೀಲಿಯನ್ನೂ ಹಿಂದಿನದು ಕೆಂಪನ್ನೂ ದಾಖಲಿಸಿಕೊಳ್ಳುತ್ತಿದ್ದುವು.

ಇಲ್ಲಿ ಒಂದು ಸ್ವಾರಸ್ಯವಿದೆ. ತೊಳೆದು ಸಿದ್ಧವಾದ ಈ ಮೂರು ನೆಗೆಟಿವ್‌ಗಳಲ್ಲಿ ಬಣ್ಣವೆಂಬುದೇ ಇಲ್ಲ. ಇರುವುದು ಬೆಳ್ಳಿಯ ಕಪ್ಪು ಕಣಗಳು ಮಾತ್ರ. ಎಲ್ಲಿ ಎಷ್ಟು ಕೆಂಪು, ಎಷ್ಟು ಹಸುರು, ಎಷ್ಟು ನೀಲಿ ಇತ್ತೆಂಬುದು ಬೆಳ್ಳಿಯ ಪ್ರಮಾಣವಾಗಿ ಬರೆದಿಟ್ಟಿರುತ್ತದೆ. ಪ್ರದರ್ಶನದ ಪ್ರತಿಯನ್ನು ಅಚ್ಚುಹಾಕುವಾಗ ಮಾತ್ರ ಈ ದಾಖಲೆಗಳ ಆಧಾರದಿಂದ ಮೂರು ವರ್ಣದ್ರವ್ಯಗಳನ್ನು ಒಂದೇ ಫಿಲಮಿನ ಮೇಲೆ ಒತ್ತುತ್ತಿದ್ದರು. ಬೆಳ್ಳಿ ಸುಲಭವಾಗಿ ಮಾರ್ಪಡದ ಲೋಹ. ಅಜ್ಜ ಅಜ್ಜಿಯರ ಚಿತ್ರ ಉಳಿದುದಕ್ಕೆ ಅದೇ ಕಾರಣ.

1950ರಲ್ಲಿ ಬಂದ ಈಸ್ಟ್‌ಮನ್ ಕಲರ್ ಮೊದಲಾದ ಫಿಲಮುಗಳಲ್ಲಾದರೋ ಒಂದೇ ಪಟ್ಟಿಯ ಮೇಲೆ ಮೂರು ಪದರಗಳು. ಕೊನೆಯಲ್ಲಿ ಅವುಗಳಲ್ಲಿ ಉಳಿಯುವುದು ಬೆಳ್ಳಿಯಲ್ಲ, ವರ್ಣದ್ರವ್ಯ. ಅದರ ಅಣುಗಳು ಕಾಲಕ್ರಮದಲ್ಲಿ ಒಡೆಯುತ್ತವೆ. ಕತ್ತಲಲ್ಲಿಟ್ಟ ಹಳೆಯ ಫಿಲಮುಗಳಲ್ಲಿ ಸಾಮಾನ್ಯವಾಗಿ ಮೊದಲು ಕ್ಷೀಣಿಸುವುದು ಸಯಾನ್ ಎಂಬ ಹಸುರುನೀಲಿಯ ದ್ರವ್ಯ. ಕೆಂಪು ಬೆಳಕನ್ನು ಹೀರಿ ತಡೆಯುವುದು ಅದರ ಕೆಲಸ. ಕಾವಲುಗಾರನು ಹೋದಮೇಲೆ ಕೆಂಪು ಬೆಳಕು ಅಡೆತಡೆಯಿಲ್ಲದೆ ಹಾಯುತ್ತದೆ, ಚಿತ್ರವೆಲ್ಲವೂ ಕೆಂಪಾಗುತ್ತದೆ. ನಮ್ಮ ಆಲ್ಬಮ್ಮಿನ ಸಮಸ್ಯೆಗೂ ಇದೇ ಉತ್ತರ.

ಆದರೆ ಆ ಕಾಲದ ನೆಗೆಟಿವ್‌ಗಳಿಗೆ ಬೇರೊಂದು ದೋಷವಿತ್ತು. ಬೆಳ್ಳಿಯನ್ನು ಹೊತ್ತ ಪಟ್ಟಿ ಸೆಲ್ಯುಲೋಸ್ ನೈಟ್ರೇಟಿನದು. ಅದು ಬೇಗನೆ ಹೊತ್ತಿಕೊಳ್ಳುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರಲ್ಲಿಯೇ ಇರುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಅವುಗಳನ್ನು ಕಾಪಾಡುವುದು ಅಪಾಯದ, ವೆಚ್ಚದ ಕೆಲಸ. 1970ರ ದಶಕದಲ್ಲಿ ಫಾಕ್ಸ್ ಸಂಸ್ಥೆ ತನ್ನ ಟೆಕ್ನಿಕಲರ್ ಚಿತ್ರಗಳನ್ನು ಸುರಕ್ಷಿತವಾದ ಒಂಟಿ ವರ್ಣಫಿಲಮಿಗೆ ನಕಲುಮಾಡಿಸಿ ಮೂಲ ನೆಗೆಟಿವ್‌ಗಳನ್ನು ವಿಲೇವಾರಿ ಮಾಡಿತು. ‘ಲೀವ್ ಹರ್ ಟು ಹೆವನ್’ ಚಿತ್ರದ ಮೂಲವೂ ಹಾಗೆಯೇ ಹೋಯಿತು. ಬೆಳ್ಳಿಯಲ್ಲಿ ಬರೆದುದನ್ನು ಕಳೆದು, ಬಾಡುವ ಬಣ್ಣದಲ್ಲಿ ಬರೆದುದನ್ನು ಉಳಿಸಿಕೊಂಡಂತಾಯಿತು.

ಮುಂದೆ ಅಕಾಡೆಮಿ ಫಿಲಂ ಆರ್ಕೈವ್, ಫಿಲಂ ಫೌಂಡೇಷನ್ ಹಾಗೂ ಫಾಕ್ಸ್ ಸಂಸ್ಥೆಗಳು ಕೂಡಿ ಚಿತ್ರದ ಪುನರುದ್ಧಾರಕ್ಕೆ ಕೈಹಾಕಿದುವು. ಹಾಗೆ ಸಿದ್ಧವಾದ ಪ್ರತಿಯನ್ನು 2020ರಲ್ಲಿ ಕ್ರೈಟೀರಿಯನ್ ಸಂಸ್ಥೆಯವರು ಮನೆಯಲ್ಲಿಯೇ ನೋಡಬಹುದಾದ ಬ್ಲೂ-ರೇ ತಟ್ಟೆಯಾಗಿ ಹೊರತಂದರು. ಚಿತ್ರದ ಅವಧಿ 110 ನಿಮಿಷ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎಣಿಸಿದರೆ ಒಟ್ಟು 1,58,400 ಚಿತ್ರಗಳು! ಸರೋವರದ ನೀಲಿ ಮತ್ತೆ ನೀಲಿಯಾಗಿ ಕಾಣುತ್ತದೆಂಬುದು ಸಣ್ಣ ಸಾಧನೆಯಲ್ಲ.

ಹಾಗಾದರೆ ಗಣಕಯಂತ್ರದಿಂದ ಕಳೆದ ಬಣ್ಣವೆಲ್ಲವನ್ನೂ ಮರಳಿ ಪಡೆಯಬಹುದೆ? ದ್ರವ್ಯದ ಸಾಂದ್ರತೆ ಎಲ್ಲೆಡೆಯೂ ಅರ್ಧಕ್ಕೆ ಇಳಿದಿದ್ದರೆ ಉಳಿದುದನ್ನು ಅಳೆದು ಎರಡರಿಂದ ಗುಣಿಸಬಹುದು. ಆದರೆ ಗುಣಿಸಿದಾಗ ಫಿಲಮಿನ ಕಣಗಳ ಒರಟುತನವೂ ಎರಡರಷ್ಟಾಗುತ್ತದೆ. ದುರ್ಬಲವಾದ ಬಾನುಲಿ ನಿಲಯದ ದನಿಯನ್ನು ಏರಿಸಿದರೆ ಗೊರಗೊರ ಸದ್ದೂ ಏರುವಂತೆ. ಹಿಂದೆ ಬೇರೆ ಬೇರೆಯಾಗಿದ್ದ ಎರಡು ಛಾಯೆಗಳು ಕ್ಷೀಣಿಸಿ ಒಂದೇ ಆಗಿದ್ದರಂತೂ ಯಾವ ಗಣಿತವೂ ಅವನ್ನು ಬೇರ್ಪಡಿಸಲಾರದು. ಅಲ್ಲಿ ತಜ್ಞರು ಊಹಿಸಬೇಕು. ಆಗಿನ ಪ್ರದರ್ಶನದ ಪ್ರತಿಯೇನಾದರೂ ಉಳಿದಿದ್ದರೆ ಅದನ್ನು ಸಾಕ್ಷಿಯಾಗಿಟ್ಟುಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ 1939ರ ‘ಗಾನ್ ವಿತ್ ದ ವಿಂಡ್’ ಚಿತ್ರವನ್ನು ನೋಡೋಣ. ಅದರ ಮೂರು ನೆಗೆಟಿವ್‌ಗಳನ್ನು ಉಳಿಸಿಕೊಂಡಿದ್ದರು. ವರ್ಷಗಳು ಕಳೆದಂತೆ ಇಂಥ ಸುರುಳಿಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಮೂರು ಚಿತ್ರಗಳು ಒಂದಕ್ಕೊಂದು ಸರಿಹೊಂದದೆ ಅಂಚುಗಳಲ್ಲಿ ಬಣ್ಣದ ಗೆರೆಗಳು ಕಾಣುತ್ತವೆ. 2004ರಲ್ಲಿ ಹೊರಬಂದ ಡಿವಿಡಿಗಾಗಿ ಮೂರನ್ನೂ ಗಣಕಕ್ಕೆ ಊಡಿಸಿ, ಕರಾರುವಾಕ್ಕಾಗಿ ಹೊಂದಿಸಿದರು. ಮೂಲವಿದ್ದಲ್ಲಿ ಹೊಸ ವಿಜ್ಞಾನ ಹಳೆಯ ಕೊರತೆಯನ್ನು ತುಂಬಿತು.

ಪ್ರಯೋಗಶಾಲೆಯಲ್ಲಿ ನಾವು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಒಂದು ಮಾತನ್ನು ಹೇಳುತ್ತೇವೆ: ಲೆಕ್ಕ ತಪ್ಪಿದರೆ ಮತ್ತೆ ಮಾಡಬಹುದು, ಆದರೆ ಅಳತೆಗಳನ್ನು ಬರೆದುಕೊಂಡ ಮೊದಲ ಹಾಳೆಯನ್ನು ಹರಿಯಬೇಡಿ. ನಾಳೆ ನಮಗಿಂತ ಉತ್ತಮವಾದ ಉಪಕರಣ ಬರಬಹುದು. ಅದಕ್ಕೆ ಕೊಡಲು ನಮ್ಮಲ್ಲಿ ಮೂಲವಿರಬೇಕು. ಆದುದರಿಂದ ಮನೆಯ ಹಳೆಯ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿದ ಮೇಲೆ ಡಬ್ಬಿಯಲ್ಲಿರುವ ನೆಗೆಟಿವ್‌ಗಳನ್ನು ಯಾರಾದರೂ ಕಸದ ಬುಟ್ಟಿಗೆ ಹಾಕಹೊರಟರೆ, ನಮ್ಮ ವಾಚಕರು ಕೈಹಿಡಿದು ತಡೆಯಲಿ.