ತೆರೆಯ ಮೇಲೆ ಕಾಣದ ಅವಳ ಸ್ವಂತ ಅಡಿಗೆಮನೆ

ನೀವು ಕಳಿಸಿದ 'ಹೊಸರುಚಿ' ಪತ್ರಿಕೆಯಲ್ಲಿ ಅಚ್ಚಾಗಿ ಬಂತು, ಆದರೆ ಕೆಳಗೆ ನಿಮ್ಮ ಹೆಸರಿನ ಬದಲು ಪಕ್ಕದ ಮನೆಯಾಕೆಯ ಹೆಸರಿದೆ ಎಂದಿಟ್ಟುಕೊಳ್ಳಿ. ಎರಡು ದಿನ ಊಟ ಸೇರುವುದಿಲ್ಲ, ಅಲ್ಲವೇ?

1934ರಲ್ಲಿ ಅಮೆರಿಕದಲ್ಲಿ ತೆರೆಕಂಡ 'ಇಮಿಟೇಷನ್ ಆಫ್ ಲೈಫ್' ಚಿತ್ರದಲ್ಲಿ ನಡೆಯುವುದು ಇದಕ್ಕಿಂತ ದೊಡ್ಡದು. ಡಿಲೈಲಾ ಎಂಬ ಕಪ್ಪು ಹೆಂಗಸು ಬೀ ಎಂಬ ಬಿಳಿಯ ವಿಧವೆಯ ಬಾಗಿಲಿಗೆ ಕೆಲಸ ಕೇಳಿಕೊಂಡು ಬರುತ್ತಾಳೆ. ಸಂಬಳ ಬೇಡ, ನನಗೂ ನನ್ನ ಮಗಳಿಗೂ ಊಟ, ಇರಲು ಒಂದು ಮೂಲೆ ಸಾಕು ಅನ್ನುತ್ತಾಳೆ. ಬೀಗೂ ಒಬ್ಬಳೇ ಮಗಳು. ಡಿಲೈಲಾಳ ಕೈಯಲ್ಲಿ ಮನೆತನದಿಂದ ಬಂದ ಪ್ಯಾನ್‌ಕೇಕಿನ ಹದವಿದೆ. ಪ್ಯಾನ್‌ಕೇಕ್ ಅಂದರೆ ನಮ್ಮ ಸಿಹಿದೋಸೆಗೆ ದೂರದ ನೆಂಟ ಅನ್ನಿ. ಆ ಹದವನ್ನು ಹಿಡಿದು ಬೀ ಅಂಗಡಿ ತೆರೆಯುತ್ತಾಳೆ. ಆಮೇಲೆ ಹಿಟ್ಟನ್ನೇ ಡಬ್ಬಿಗೆ ತುಂಬಿ ಮಾರಿ ದೊಡ್ಡ ಶ್ರೀಮಂತೆಯಾಗುತ್ತಾಳೆ. ಡಬ್ಬಿಯ ಮೇಲೆ ನಗುತ್ತಿರುವ ಮುಖ ಡಿಲೈಲಾಳದು. ಲಾಭದಲ್ಲಿ ಅವಳ ಪಾಲು ನೂರಕ್ಕೆ ಇಪ್ಪತ್ತು! ಇನ್ನು ನೀನು ಸ್ವಂತ ಮನೆ ಮಾಡಬಹುದು ಎಂದರೆ, "ನನ್ನನ್ನು ಕಳಿಸಿಬಿಡುತ್ತೀರಾ?" ಎಂದು ಹೆದರುವಂತೆ ಅವಳ ಪಾತ್ರವನ್ನು ಬರೆದಿದ್ದಾರೆ. ದೊಡ್ಡ ಬಂಗಲೆ ಬಂದ ಮೇಲೂ ರಾತ್ರಿ ಯಜಮಾನಿ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಾಳೆ, ಡಿಲೈಲಾ ಮೆಟ್ಟಿಲಿಳಿದು ಕೆಳಗೆ ಹೋಗುತ್ತಾಳೆ.

ಇದು ಬರೀ ಕಥೆಯೆಂದುಕೊಳ್ಳಬೇಡಿ. 'ಆಂಟ್ ಜೆಮೈಮಾ' ಎಂಬ ಪ್ಯಾನ್‌ಕೇಕ್ ಹಿಟ್ಟಿನ ಡಬ್ಬಿಯ ಮೇಲೂ ಇಂಥದೇ ಮುಖವಿತ್ತು. 1893ರ ಷಿಕಾಗೋ ವಸ್ತುಪ್ರದರ್ಶನದಲ್ಲಿ ಆ ಹೆಸರಿನಲ್ಲಿ ನಿಂತು ಜನರಿಗೆ ಪ್ಯಾನ್‌ಕೇಕ್ ಮಾಡಿ ಬಡಿಸಿದಾಕೆ ನ್ಯಾನ್ಸಿ ಗ್ರೀನ್. ಕೆಂಟಕಿಯಲ್ಲಿ ಗುಲಾಮಳಾಗಿ ಹುಟ್ಟಿದವಳು. ಡಬ್ಬಿಯಿಂದ ಆ ಹೆಸರನ್ನು ತೆಗೆದದ್ದು 2021ರಲ್ಲಿ.

ಸಿನಿಮಾದಲ್ಲಿ ಮನಸ್ಸು ಹಿಂಡುವುದು ಹಿಟ್ಟಿನ ವ್ಯವಹಾರವಲ್ಲ, ತಾಯಿ-ಮಗಳ ಕಥೆ. ಡಿಲೈಲಾಳ ಮಗಳು ಪಿಯೋಲಾ ನೋಡಲು ಬೆಳ್ಳಗೆ. ಶಾಲೆಯಲ್ಲಿ ಬಿಳಿಯರ ಮಕ್ಕಳೊಡನೆ ಬಿಳಿಯಳಂತೆಯೇ ಕೂತಿರುತ್ತಾಳೆ. ಮಳೆ ಬಂದ ದಿನ ತಾಯಿ ಅಕ್ಕರೆಯಿಂದ ಮಗಳನ್ನು ಹುಡುಕಿಕೊಂಡು ತರಗತಿಯ ಬಾಗಿಲಿಗೆ ಬರುತ್ತಾಳೆ. ಮಗಳು ಪುಸ್ತಕದ ಮರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಹೆತ್ತ ತಾಯಿಯನ್ನು ಕಂಡು ಮಗು ಅವಿತುಕೊಳ್ಳುವುದೇ! ಆದರೆ ಆ ಮಗುವನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅಮ್ಮನ ಬಣ್ಣ ಗೊತ್ತಾದ ಗಳಿಗೆಯೇ ತನ್ನ ಬೆಂಚು, ಗೆಳತಿಯರು, ಮುಂದಿನ ಕೆಲಸ ಎಲ್ಲ ಹೋಗುತ್ತದೆಂದು ಅದಕ್ಕೆ ಗೊತ್ತು. ಅದೇ ಕಥೆಯನ್ನು 1959ರಲ್ಲಿ ಮತ್ತೆ ತೆಗೆದರು. ಅದರಲ್ಲಿ ತಾಯಿಯಾದ ಹ್ವಾನೀಟಾ ಮೂರ್‌ಗೆ ಆಸ್ಕರ್ ನಾಮಕರಣ ಸಿಕ್ಕಿತು. ಎರಡು ಚಿತ್ರಗಳಲ್ಲೂ ಮಗಳು ಬರುವುದು ತಾಯಿಯ ಶವಯಾತ್ರೆಗೆ, ಅಳುತ್ತಾ. ಇನ್ನೊಂದು ಮಾತು: ಮೊದಲ ಚಿತ್ರದಲ್ಲಿ ಮಗಳ ಪಾತ್ರ ಮಾಡಿದ ಫ್ರೆಡಿ ವಾಷಿಂಗ್ಟನ್ ತಾನೇ ಬೆಳ್ಳಗಿದ್ದ ಕಪ್ಪು ಕುಲದ ಹೆಣ್ಣು. ನಿಜಜೀವನದಲ್ಲಿ ಬಿಳಿಯಳೆಂದು ಹೇಳಿಕೊಳ್ಳಲು ಆಕೆ ಒಪ್ಪಲೇ ಇಲ್ಲ.

ಆ ಕಾಲದ ಹಾಲಿವುಡ್ಡಿನಲ್ಲಿ ಕಪ್ಪು ಹೆಂಗಸಿಗೆ ಸಿಗುತ್ತಿದ್ದ ಪಾತ್ರ ಹೆಚ್ಚಾಗಿ ಒಂದೇ: ದಪ್ಪ ಮೈ, ತಲೆಗೆ ಬಟ್ಟೆ, ಸೊಂಟಕ್ಕೆ ಏಪ್ರನ್ನು, ಬಿಳಿಯರ ಮಕ್ಕಳಿಗೆ ಎರಡನೇ ತಾಯಿ. ಅವಳಿಗೆ 'ಮ್ಯಾಮಿ' ಎಂದೇ ಹೆಸರು. 1939ರ 'ಗಾನ್ ವಿತ್ ದಿ ವಿಂಡ್' ಚಿತ್ರದ ಮ್ಯಾಮಿ ಹ್ಯಾಟಿ ಮೆಕ್‌ಡೇನಿಯಲ್. ತಂದೆ-ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು. ಅಟ್ಲಾಂಟಾದಲ್ಲಿ ಚಿತ್ರದ ಮೊದಲ ಪ್ರದರ್ಶನಕ್ಕೆ ಆಕೆ ಹೋಗುವಂತಿರಲಿಲ್ಲ, ಅಲ್ಲಿನ ಬಣ್ಣಭೇದದ ಕಾನೂನು ಅಂಥದು. 1940ರ ಫೆಬ್ರವರಿಯಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದಳು. ಆ ರಾತ್ರಿಯೂ ಚಿತ್ರದ ಉಳಿದ ನಟನಟಿಯರ ಜೊತೆಗಲ್ಲ, ಪಕ್ಕದ ಗೋಡೆಯ ಬಳಿ ಹಾಕಿದ ಬೇರೆ ಮೇಜಿನಲ್ಲಿ ಕೂತಿದ್ದಳು.

ಜಗತ್ತಿನ ಕಣ್ಣಿಗೆ ಇಷ್ಟು ದೊಡ್ಡ ತಾಯಿಯಾದ ಹ್ಯಾಟಿಗೆ ಸ್ವಂತ ಮಕ್ಕಳಿರಲಿಲ್ಲ. ನಡುವಯಸ್ಸು ದಾಟಿದ ಮೇಲೆ, 1940ರ ದಶಕದ ನಡುವಿನಲ್ಲಿ, ಬಸುರಿಯಾಗಿದ್ದೇನೆಂದು ಸಂಭ್ರಮಪಟ್ಟಳು. ಅದು ಸುಳ್ಳು ಬಸಿರೆಂದು ಆಮೇಲೆ ತಿಳಿಯಿತು. ಮದುವೆಯೂ ಬಹಳ ದಿನ ಉಳಿಯಲಿಲ್ಲ. ಮ್ಯಾಮಿ ಮಾಡಿ ಮಾಡಿ ಕುಲದ ಮಾನ ಕಳೆದಳೆಂದು ತನ್ನವರೇ ಆಡಿಕೊಂಡರು. 1952ರಲ್ಲಿ ತೀರಿಕೊಂಡಾಗ, ಆಕೆ ಬಯಸಿದ್ದ ಹಾಲಿವುಡ್ ಸ್ಮಶಾನದಲ್ಲಿ ಕಪ್ಪು ಜನರಿಗೆ ಜಾಗವಿಲ್ಲ ಎಂದರು.

ಈ ಹಳೆಯ ಚಿತ್ರಗಳನ್ನು ನೋಡುವಾಗ ನನಗೆ ಒಂದೇ ಪ್ರಶ್ನೆ ಕಾಡುತ್ತಿತ್ತು. ಬಿಳಿಯರ ಮಗುವಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ಮಲಗಿಸುತ್ತಿದ್ದ ಈ ಹೆಂಗಸಿನ ಮಕ್ಕಳು ಆ ಹೊತ್ತಿಗೆ ಏನು ಮಾಡುತ್ತಿದ್ದವು? ಯಾರು ಉಣ್ಣಿಸಿದರು? ಕ್ಯಾಮೆರಾ ಅವಳ ಹಿಂದೆ ಅವಳ ಮನೆಗೆ ಹೋಗುತ್ತಲೇ ಇರಲಿಲ್ಲ. (ಇದನ್ನು ಬರೆಯುವಾಗ, ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಯ ಕಿರಿಮಗಳು ಎಷ್ಟನೇ ಕ್ಲಾಸು ಎಂದು ನನಗೂ ತಟ್ಟನೆ ನೆನಪಾಗಲಿಲ್ಲ. ಆ ಮಾತು ಬೇರೆ.) ಸರ್ಕಾರದ ಕಣ್ಣಿಗೂ ಅವಳು ಬಿದ್ದಿರಲಿಲ್ಲ. 1935ರಲ್ಲಿ ಅಮೆರಿಕದಲ್ಲಿ ವೃದ್ಧಾಪ್ಯದ ಪಿಂಚಣಿಗೆ ಕಾನೂನು ಬಂದಾಗ ಮನೆಗೆಲಸದವರನ್ನೂ ಹೊಲದ ಕೂಲಿಗಳನ್ನೂ ಹೊರಗಿಟ್ಟರು. ಕಪ್ಪು ಹೆಂಗಸರಲ್ಲಿ ದುಡಿಯುವವರು ಬಹುಪಾಲು ಈ ಎರಡೇ ಕೆಲಸಗಳಲ್ಲಿದ್ದವರು.

ಕ್ಯಾಮೆರಾ ಅವಳ ಮನೆ ಹೊಕ್ಕ ಕೆಲವೇ ಚಿತ್ರಗಳಲ್ಲಿ 1972ರ 'ಸೌಂಡರ್' ಒಂದು. 1933ರ ಲೂಯಿಸಿಯಾನದ ಹಳ್ಳಿ. ಫಸಲಿನಲ್ಲಿ ಪಾಲು ಕೊಟ್ಟು ಬೇರೆಯವರ ಹೊಲ ಮಾಡುವ ಬಡ ಸಂಸಾರ. ಮಕ್ಕಳ ಹಸಿವು ನೋಡಲಾರದೆ ಮಾಂಸ ಕದ್ದ ಗಂಡ ಜೈಲಿಗೆ ಹೋಗುತ್ತಾನೆ. ಹೆಂಡತಿ ರೆಬೆಕ್ಕಾ ಬೇರೆಯವರ ಬಟ್ಟೆ ಒಗೆಯುತ್ತಾಳೆ, ಮಕ್ಕಳನ್ನು ಕಟ್ಟಿಕೊಂಡು ಹೊಲ ಮಾಡುತ್ತಾಳೆ. ಆ ಪಾತ್ರ ಸಿಸಿಲಿ ಟೈಸನ್ನಳದು. ಒಂದು ದಿನ ದೂರದ ದಾರಿಯಲ್ಲಿ ಕುಂಟುತ್ತ ಗಂಡ ಬರುವುದು ಕಂಡು ಕೈಚಾಚಿ ಓಡುತ್ತಾಳೆ ನೋಡಿ, ಗಂಡ-ಹೆಂಡಿರ ಪ್ರೀತಿಗೆ ಡ್ಯೂಯೆಟ್ ಹಾಡೇ ಬೇಕೆಂದೇನಿಲ್ಲ.

ಆದರೆ ನನಗೆ ನಿದ್ದೆಗೆಡಿಸಿದ್ದು 1974ರ 'ಕ್ಲಾಡೀನ್'. ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ತೋರಿಸಿದಳು. ಇಂಗ್ಲಿಷ್ ಮಾತು ನನಗೆ ಅರ್ಧಂಬರ್ಧ. ಆದರೂ ಇಸ್ತ್ರಿಪೆಟ್ಟಿಗೆ ಬಚ್ಚಿಡುವುದು ಅರ್ಥವಾಗಲು ಭಾಷೆ ಯಾಕೆ ಬೇಕು?

ಕ್ಲಾಡೀನ್ ನ್ಯೂಯಾರ್ಕಿನ ಹಾರ್ಲೆಂನಲ್ಲಿ ಆರು ಮಕ್ಕಳನ್ನು ಒಬ್ಬಳೇ ಸಾಕುವವಳು. ಸರ್ಕಾರದ ಸಹಾಯಧನ ಬರುತ್ತದೆ, ಸಾಲುವುದಿಲ್ಲ. ಆದ್ದರಿಂದ ಕದ್ದುಮುಚ್ಚಿ ಬಿಳಿಯರ ಮನೆಗೆಲಸಕ್ಕೆ ಹೋಗುತ್ತಾಳೆ. ಗೊತ್ತಾದರೆ ದುಡಿದಷ್ಟೂ ಕಡಿತ. ವೆಲ್ಫೇರ್ ಕಚೇರಿಯಾಕೆ ತನಿಖೆಗೆ ಬಂದಳೆಂದರೆ ಮಕ್ಕಳೆಲ್ಲ ಸೇರಿ ಮನೆಯ ಸಾಮಾನು ಅಡಗಿಸುತ್ತವೆ. ಇಸ್ತ್ರಿಪೆಟ್ಟಿಗೆ ಕಂಡರೂ ಲೆಕ್ಕ, ಬ್ರೆಡ್ಡು ಸುಡುವ ಟೋಸ್ಟರ್ ಕಂಡರೂ ಲೆಕ್ಕ! ನೋಡುವಾಗ ನಗು ಬರುತ್ತದೆ. ಮಕ್ಕಳಿಗೆ ಇದು ಎಷ್ಟು ರೂಢಿಯಾಗಿದೆ ಎಂದು ಹೊಳೆದಾಗ ನಗು ನಿಲ್ಲುತ್ತದೆ.

ಅವಳು ಕೆಲಸ ಮಾಡುವ ಮನೆಯ ಕಸ ಎತ್ತಲು ಬರುವವನು ರೂಪ್. ನಗುನಗುತ್ತ ಮಾತಾಡುವ ಮನುಷ್ಯ. ಇಬ್ಬರಿಗೂ ಮನಸ್ಸು ಕೂಡುತ್ತದೆ. ಅವನ ಮನೆಗೆ ಹೋದವಳು ಬಿಸಿನೀರಿನಲ್ಲಿ ನೆಮ್ಮದಿಯಾಗಿ ಒಂದು ಸ್ನಾನ ಮಾಡುತ್ತಾಳೆ. ಆರು ಮಕ್ಕಳ ಮನೆಯಲ್ಲಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಒಬ್ಬಳೇ ಇರುವ ಸುಖ ಏನೆಂದು ಹೆಂಗಸರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅವನು ಏನಾದರೂ ತಂದುಕೊಟ್ಟರೆ ಅದೂ ಸಹಾಯಧನದಲ್ಲಿ ಕಡಿತ. ಮದುವೆಯಾದರೆ ಆರು ಮಕ್ಕಳ ಹೊರೆಯೂ ಕಸ ಎತ್ತುವವನ ಸಂಬಳದ ಮೇಲೆ. ಅವನ ಮೊದಲಿನ ಮಕ್ಕಳಿಗೂ ಕೊಡಬೇಕಾದ ಬಾಕಿಯಿದೆ, ಕೋರ್ಟಿನಿಂದ ನೋಟೀಸು ಬರುತ್ತದೆ. 'ತಂದೆಯರ ದಿನ'ದಂದು ಮಕ್ಕಳು ಅವನಿಗಾಗಿ ಕಾಯುತ್ತ ಕೂರುತ್ತವೆ. ಆತ ಬರುವುದೇ ಇಲ್ಲ. ಆಗ ಎಲ್ಲ ಗಂಡಸರೂ ಹೀಗೇ ಎಂದು ನಾನು ಮೂಗು ಮುರಿದೆ. ಕಥೆ ಮುಂದೆ ಹೋದಂತೆ ಅಷ್ಟು ಸುಲಭವಾಗಿ ಹಾಗೆನ್ನಲು ಆಗಲಿಲ್ಲ. ದೊಡ್ಡ ಮಗ, ತನಗೆ ಮಕ್ಕಳೇ ಬೇಡವೆಂದು ಆ ವಯಸ್ಸಿಗೇ ಆಪರೇಷನ್ ಮಾಡಿಸಿಕೊಂಡು ಬರುತ್ತಾನೆ. ದೊಡ್ಡ ಮಗಳು ಮದುವೆಗೆ ಮುಂಚೆ ಬಸುರಿಯಾದಳೆಂದು ತಿಳಿದು ಕ್ಲಾಡೀನ್ ಅವಳನ್ನು ಹೊಡೆಯುತ್ತಾಳೆ. ತಾನು ಬಂದ ದಾರಿಯಲ್ಲೇ ಮಗಳೂ ಹೊರಟಳಲ್ಲ ಎಂಬ ಸಂಕಟ ಆ ಏಟಿನಲ್ಲಿದೆ.

ಕ್ಲಾಡೀನ್ ಆಗಬೇಕಿದ್ದವಳು ಡಯಾನಾ ಸ್ಯಾಂಡ್ಸ್. ಕ್ಯಾನ್ಸರ್ ಆಗಿ 1973ರಲ್ಲಿ ತೀರಿಕೊಂಡಳು. ಪಾತ್ರವನ್ನು ಗೆಳತಿ ಡಯಾನ್ ಕೆರೊಲ್‌ಗೆ ಕೊಡಿಸಿದ್ದೂ ಆಕೆಯೇ. ಕೆರೊಲ್‌ಗೆ ಆಸ್ಕರ್ ನಾಮಕರಣ ಬಂತು. ರೂಪ್ ಆದವನು ಜೇಮ್ಸ್ ಅರ್ಲ್ ಜೋನ್ಸ್.

ವೆಲ್ಫೇರಿನವರು ಹೆಂಗಸಿನ ಮನೆಗೆ ಯಾರು ಬಂದು ಹೋಗುತ್ತಾರೆಂದು ನೋಡುವುದು ಸಿನಿಮಾದವರು ಕಟ್ಟಿದ್ದಲ್ಲ. ಅಲಬಾಮಾ ರಾಜ್ಯದಲ್ಲಿ 'ಬದಲಿ ತಂದೆ' ಎಂಬ ನಿಯಮವೇ ಇತ್ತು. ತಾಯಿಯ ಜೊತೆ ಒಬ್ಬ ಗಂಡಸಿಗೆ ಸಂಬಂಧವಿದೆಯೆಂದರೆ ಅವನೇ ಮಕ್ಕಳ ತಂದೆಯಿದ್ದಂತೆ, ಆದ್ದರಿಂದ ಸಹಾಯಧನ ಬಂದ್! ಅವನು ಆ ಮಕ್ಕಳಿಗೆ ಒಂದು ಕಾಸು ಕೊಡದಿದ್ದರೂ ಸರಿಯೇ. 1966ರಲ್ಲಿ ಹೀಗೆ ಸಹಾಯ ನಿಂತ ನಾಲ್ಕು ಮಕ್ಕಳ ತಾಯಿಯೊಬ್ಬಳು, ಶ್ರೀಮತಿ ಸ್ಮಿತ್, ಕೋರ್ಟಿಗೆ ಹೋದಳು. ಬೆಳಗಿನ ಜಾವ ಮೂರೂವರೆಗೆ ಎದ್ದುಹೋಗಿ ಮಧ್ಯಾಹ್ನ ಹನ್ನೆರಡರವರೆಗೆ ಹೋಟೆಲಿನಲ್ಲಿ ಅಡಿಗೆ ಮಾಡಿ, ಬಡಿಸಿ, ವಾರಕ್ಕೆ 16ರಿಂದ 20 ಡಾಲರ್ ಸಂಪಾದಿಸುತ್ತಿದ್ದವಳು. ಶನಿವಾರ-ಭಾನುವಾರ ಬಂದು ಹೋಗುತ್ತಿದ್ದವನಿಗೆ ಬೇರೆ ಹೆಂಡತಿ, ಒಂಬತ್ತು ಮಕ್ಕಳು. ಅವನ ನಡತೆಯ ಬಗ್ಗೆ ನೀವು ಏನಾದರೂ ಅಂದುಕೊಳ್ಳಿ. ಮಕ್ಕಳ ಅನ್ನಕ್ಕೂ ಅದಕ್ಕೂ ಏನು ಸಂಬಂಧ? 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೂ ಒಮ್ಮತದಿಂದ ಇದನ್ನೇ ಹೇಳಿ ಆ ನಿಯಮವನ್ನು ತೆಗೆದುಹಾಕಿತು.

ಅದೇ ಅಲಬಾಮಾದ ಮಾಂಟ್‌ಗಮರಿ ಊರಿನಲ್ಲಿ, ಕ್ಲಾಡೀನಳಂತೆ ಆರು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ನಿಜವಾದ ತಾಯಿಯೊಬ್ಬಳಿದ್ದಳು: ಜಾರ್ಜಿಯಾ ಗಿಲ್ಮೋರ್. ಹೋಟೆಲಿನಲ್ಲಿ ಅಡಿಗೆ, ಬಿಡುವಾದಾಗ ಸೂಲಗಿತ್ತಿ. ಬಸ್ಸಿನಲ್ಲಿ ಬಣ್ಣಭೇದ ಮಾಡುತ್ತಾರೆಂದು 1955ರ ಡಿಸೆಂಬರಿನಿಂದ 381 ದಿನ ಕಪ್ಪು ಜನ ಬಸ್ಸು ಹತ್ತಲಿಲ್ಲವಲ್ಲ, ಆಗ ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಕೆಲವು ಬಿಳಿಯ ಯಜಮಾನಿಯರು, ಪಾತ್ರೆ-ಪಡಗ ಹಾಗೇ ಉಳಿದೀತೆಂದು, ತಾವೇ ಕಾರಿನಲ್ಲಿ ಕರೆತಂದದ್ದೂ ಉಂಟು! ನಡೆಯಲಾರದವರಿಗೆ ಗಾಡಿ, ಪೆಟ್ರೋಲು ಬೇಕಲ್ಲ? ಜಾರ್ಜಿಯಾ ಹೆಂಗಸರನ್ನು ಕೂಡಿಸಿ ಮನೆಮನೆಯಲ್ಲಿ ಕೇಕು, ಹಣ್ಣಿನ ಪೈ ಮಾಡಿಸಿ ಮಾರಿ, ಬಂದ ಹಣವನ್ನು ಸಭೆಗೆ ತಂದು ಸುರಿದಳು. ದುಡ್ಡು ಎಲ್ಲಿಂದ ಬಂತೆಂದು ಕೇಳಿದರೆ 'ಎಲ್ಲಿಂದಲೂ ಇಲ್ಲ' ಎನ್ನಬೇಕು. ಮಾಡಿದವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋದಂತೆಯೇ. ಆ ಸಂಘದ ಹೆಸರೂ 'ಎಲ್ಲಿಂದಲೂ ಇಲ್ಲದ ಕ್ಲಬ್ಬು'.

1956ರಲ್ಲಿ ಮಾರ್ಟಿನ್ ಲೂಥರ್ ಕಿಂಗ್‌ರ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿದ ಮೇಲೆ ಆಕೆಯ ಕೆಲಸವೂ ಹೋಯಿತು. ಕಿಂಗ್‌ರೇ ನೆರವಾಗಿ, ಆಕೆ ತನ್ನ ಮನೆಯ ಅಡಿಗೆಮನೆಯಲ್ಲೇ ಊಟ ಹಾಕತೊಡಗಿದಳು. ಕಿಂಗ್ ಮೊದಲಾದವರು ಗುಟ್ಟಿನ ಮಾತುಕತೆಗೆ ಸೇರುತ್ತಿದ್ದದ್ದೂ ಅದೇ ಮೇಜಿನ ಸುತ್ತ. 1990ರ ಮಾರ್ಚಿನಲ್ಲಿ, ಸೆಲ್ಮಾದಿಂದ ಮಾಂಟ್‌ಗಮರಿಗೆ ನಡೆದ ಮೆರವಣಿಗೆಯ 25ನೇ ವರ್ಷದ ನೆನಪಿಗೆ ಜನ ಮತ್ತೆ ನಡೆದುಬರುವವರಿದ್ದರು. ಅವರಿಗೆಂದು ಜಾರ್ಜಿಯಾ ಬೆಳಿಗ್ಗೆ ಎದ್ದು ಕೋಳಿ, ಮೆಕರೋನಿ ಅಡಿಗೆ ಮಾಡಿಟ್ಟಳು. ಅಂದೇ ತೀರಿಕೊಂಡಳು. ದುಃಖ ಕೇಳಲು ಬಂದವರಿಗೆ ಮನೆಯವರು ಆ ಅಡಿಗೆಯನ್ನೇ ಬಡಿಸಿದರು.