ಕಣದ ಆಯ, ಪೇಟೆಯ ಉದ್ರಿ, ಬ್ಯಾಂಕಿನ ವಾಯಿದೆ

ಮಾಲು ಕೊಟ್ಟವನ ಕೈಗೆ ಹಣ ಯಾವತ್ತು ಬರಬೇಕು? ವ್ಯಾಪಾರದಲ್ಲಿ ಬೆಲೆಯ ಬಗ್ಗೆ ನಡೆಯುವಷ್ಟೇ ಜಗ್ಗಾಟ ಈ ದಿನದ ಬಗ್ಗೆಯೂ ನಡೆಯುತ್ತದೆ. ಮಾಲು ಇಳಿಸುವವರೆಗೆ ಮಾರುವವನ ಕೈ ಮೇಲು. ಇಳಿಸಿದ ಮರುಗಳಿಗೆಯಿಂದ ಕೊಂಡವನ ಕೈ ಮೇಲು. ಬಿಲ್ಲು ಹಿಡಿದು ಬಂದವನಿಗೆ ‘ನಾಳೆ ಬಾ’ ಎಂದರೆ ಮುಗಿಯಿತು. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ದೆವ್ವ ಒಳಗೆ ಬಾರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದುದೂ ಇವೇ ಎರಡು ಶಬ್ದ. ಬಾಕಿ ಕೇಳಲು ಬಂದವನೂ ದೆವ್ವವೂ ಒಂದೇ ಉತ್ತರ ಪಡೆದು ಹಿಂದಿರುಗುತ್ತಿದ್ದರು.

ಯಾರೂ ಕೇಳದೆ, ಯಾರೂ ಕೊಡಲು ಏಳದೆ, ಗೊತ್ತಾದ ದಿನ ಹಣ ತಾನಾಗಿ ಖಾತೆಯಿಂದ ಖಾತೆಗೆ ಹೋಗುವ ವ್ಯವಸ್ಥೆ ಈಗ ಸಣ್ಣ ಪೇಟೆಗಳಿಗೂ ಬಂದಿದೆ. ಆಟೋ ಪೇ, ಇ-ಮ್ಯಾಂಡೇಟ್ ಎಂಬ ಅದರ ಹೆಸರುಗಳು ಹೊಸವು. ಅದರ ಹಿಂದಿನ ವಿಚಾರ ಮಾತ್ರ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗೆ ಹೊಸದಲ್ಲ.

ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿದ್ದ ಹಾನಗಲ್ಲು ಶಾಸನಗಳಲ್ಲಿ ಪಾನುಂಗಲ್ಲು. ಅದರ ಸುತ್ತಲ ನಾಡು ಪಾನುಂಗಲ್ಲು 500. ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಒಂದು ಬಗೆಯ ಏರ್ಪಾಡು ಮತ್ತೆ ಮತ್ತೆ ಎದುರಾಗುತ್ತದೆ. ದೇವರ ನಂದಾದೀಪಕ್ಕೆಂದು ಯಾರೋ ಹೊನ್ನು ಕೊಡುತ್ತಾರೆ. ಆ ಹೊನ್ನನ್ನು ಮುಟ್ಟುವಂತಿಲ್ಲ. ಅದರ ಬಡ್ಡಿಯಿಂದ ಎಣ್ಣೆ ನಡೆಯಬೇಕು. ಇಲ್ಲವೆ, ವರ್ತಕರ ಸಂಘವೇ ಸೇರಿ ಗಾಣಕ್ಕೆ ಇಷ್ಟು ಎಣ್ಣೆ, ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ ಎಂದು ಕಟ್ಟಳೆ ಮಾಡುತ್ತದೆ. ಎಷ್ಟು, ಯಾವುದರಿಂದ, ಯಾರಿಗೆ, ಎಂದಿನವರೆಗೆ ಎಂಬ ನಾಲ್ಕೂ ಕಲ್ಲಿನ ಮೇಲೆ ಇರುತ್ತವೆ. ಇಂದು ಬ್ಯಾಂಕಿನ ಮ್ಯಾಂಡೇಟ್ ಫಾರಂ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಎಂದಿನವರೆಗೆ ಎಂಬಲ್ಲಿ ಶಾಸನ ಚಂದ್ರ ಸೂರ್ಯರಿರುವವರೆಗೆ ಎನ್ನುತ್ತದೆ, ಬ್ಯಾಂಕು ತಾರೀಖು ಕೇಳುತ್ತದೆ, ಅಷ್ಟೇ. ತಪ್ಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವೆಂಬ ಶಾಪವೂ ಕಲ್ಲಿನ ಕೊನೆಗೆ ಇರುತ್ತಿತ್ತು. ಶಾಪದ ಜಾಗಕ್ಕೆ ಏನು ಬಂದಿದೆ ಎಂಬುದನ್ನು ಮುಂದೆ ನೋಡೋಣ.

ಸುಂಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 48ರ ಟೋಲ್ ನಾಕಾದಲ್ಲಿ ಲಾರಿ ದಾಟಿದರೆ ಅದರ ಗಾಜಿಗೆ ಅಂಟಿಸಿದ ಚೀಟಿಯಿಂದಲೇ ಹಣ ಕಡಿತವಾಗುತ್ತದೆ. 2021ರ ಫೆಬ್ರುವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದಂದಿನಿಂದ ಲಾರಿ ಮಾಲೀಕರ ಮಟ್ಟಿಗೆ ತಾನಾಗಿ ಸಲ್ಲುವ ಪಾವತಿ ದಿನದ ಮಾತಾಗಿಬಿಟ್ಟಿದೆ. ಹೇರಿನ ಲೆಕ್ಕದ ಸುಂಕ ಚಕ್ರದ ಲೆಕ್ಕಕ್ಕೆ ತಿರುಗಿದೆ.

ಹಳ್ಳಿಯೊಳಗೆ ಇನ್ನೊಂದು ಪದ್ಧತಿ ಇತ್ತು, ಆಯ. ಮುಂಬಯಿ ಸೀಮೆಯ ಪ್ರಭಾವವಿದ್ದ ಕಡೆ ಬಲುತಿ ಎಂದೂ ಅನ್ನುತ್ತಿದ್ದರು. ಕಮ್ಮಾರ ಕುಳ ಹದ ಮಾಡಿಕೊಟ್ಟಾಗ, ಬಡಿಗ ಕೂರಿಗೆ ರಿಪೇರಿ ಮಾಡಿದಾಗ ಬಿಲ್ಲಿಲ್ಲ, ಚೌಕಾಸಿಯಿಲ್ಲ. ಸುಗ್ಗಿಯಲ್ಲಿ ರಾಶಿಯಾದ ಮೇಲೆ ಕಣದಲ್ಲಿಯೇ ಅವರವರ ಪಾಲು ಅಳೆದು ಹಾಕುವುದು. ಕೇಳುವ ಮುಜುಗರವಿಲ್ಲದ ಈ ವ್ಯವಸ್ಥೆಯನ್ನು ಕೆಲವರು ಬಹಳ ಕೊಂಡಾಡುತ್ತಾರೆ. ಅಷ್ಟು ಕೊಂಡಾಡಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಕಮ್ಮಾರನ ಪಾಲೂ ಕರಗುತ್ತಿತ್ತು. ದುಡಿಮೆ ಮಾತ್ರ ಕರಗುತ್ತಿರಲಿಲ್ಲ. ಜಾತಿಗೆ ಕಟ್ಟಿದ ಕಸುಬಾದ್ದರಿಂದ ಕೆಲಸ ಒಲ್ಲೆನೆನ್ನುವ ಸ್ವಾತಂತ್ರ್ಯವೂ ಅವನಿಗೆ ಇರಲಿಲ್ಲ. ತಾನಾಗಿ ಸಲ್ಲುವುದೆಲ್ಲ ನ್ಯಾಯವಾಗಿ ಸಲ್ಲುತ್ತದೆ ಎಂದೇನಿಲ್ಲ.

ಪೇಟೆಯ ಲೆಕ್ಕ ಬೇರೆ. ಅಲ್ಲಿ ಉದ್ರಿಯೇ ವ್ಯಾಪಾರದ ಉಸಿರು. ದಿನದ ವ್ಯವಹಾರ ಕಿರ್ದಿಯಲ್ಲಿ, ಆಳುವಾರು ಬಾಕಿ ಖತಾವಣಿಯಲ್ಲಿ. ದೀಪಾವಳಿಯ ಪಾಡ್ಯಕ್ಕೆ ಹೊಸ ಪುಸ್ತಕ. ದೂರದ ಊರಿನ ಬಾಕಿಗೆ ಹುಂಡಿ. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ಇಂತಿಷ್ಟು ದಿನ ಕಳೆದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ. ಈ ಎರಡನೆಯದರ ಜಾಣತನ ಗಮನಿಸಬೇಕು. ದಿನವನ್ನು ಮೊದಲೇ ಬರೆದಿಟ್ಟದ್ದರಿಂದ ಮಾರಿದವನು ಅದನ್ನು ಇನ್ನೊಬ್ಬ ಸಾಹುಕಾರನಿಗೆ ಬಟ್ಟಾ ಕಡಿದು ಕೊಟ್ಟು ಇವತ್ತೇ ನಗದು ಮಾಡಿಕೊಳ್ಳಬಹುದಿತ್ತು. ಖಚಿತವಾದ ವಾಯಿದೆಗೆ ತನ್ನದೇ ಒಂದು ಬೆಲೆಯಿದೆ ಎಂಬುದನ್ನು ಹುಂಡಿಯ ವ್ಯಾಪಾರಿಗಳು ಚೆನ್ನಾಗಿ ಅರಿತಿದ್ದರು. 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆ ಕೂಡ ದೇಶಭಾಷೆಯ ಹುಂಡಿಗಳ ವಿಷಯದಲ್ಲಿ ಸ್ಥಳೀಯ ರೂಢಿಗೆ ಜಾಗ ಬಿಟ್ಟಿತು.

ಆಮೇಲೆ ಬಂದದ್ದು ಮುಂದಿನ ತಾರೀಖಿನ ಚೆಕ್ಕು. ಚೆಕ್ಕು ಕೊಟ್ಟು ಖಾತೆಯಲ್ಲಿ ಹಣವಿಡದಿರುವುದು 1989ರ ಏಪ್ರಿಲ್ 1ರಿಂದ ಶಿಕ್ಷಾರ್ಹ ಅಪರಾಧವಾಯಿತು. 1990ರ ದಶಕದಲ್ಲಿ ರಿಸರ್ವ್ ಬ್ಯಾಂಕು ಇಸಿಎಸ್ ಎಂಬ ವಿದ್ಯುನ್ಮಾನ ತೀರುವಳಿ ಆರಂಭಿಸಿತು. ಅದರ ಜಾಗಕ್ಕೆ ಬಂದದ್ದು ರಾಷ್ಟ್ರೀಯ ಪಾವತಿ ನಿಗಮದ ನ್ಯಾಚ್. 2020ರ ಜುಲೈಯಲ್ಲಿ ಯುಪಿಐಗೂ ಆಟೋ ಪೇ ಸೇರಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ನನ್ನ ಬ್ಯಾಂಕಿಗೆ ನಾನೇ ಹೇಳಿ, ಪ್ರತಿ ತಿಂಗಳ 5ನೇ ತಾರೀಖಿಗೆ ಅಂಗಡಿಯ ಬಾಡಿಗೆ ಕಳಿಸುವಂತೆ ಮಾಡುವುದು ಹಣವನ್ನು ತಳ್ಳುವ ಬಗೆ. ಹಣ ಬರಬೇಕಾದವನಿಗೇ ನನ್ನ ಖಾತೆಯಿಂದ ತೆಗೆದುಕೊಳ್ಳಲು ಒಪ್ಪಿಗೆ ಬರೆದುಕೊಡುವುದು ಎಳೆಯುವ ಬಗೆ. ಮೊದಲನೆಯದರಲ್ಲಿ ಹಗ್ಗ ನನ್ನ ಕೈಯಲ್ಲಿ, ಎರಡನೆಯದರಲ್ಲಿ ಅವನ ಕೈಯಲ್ಲಿ. ಅದಕ್ಕೇ ಎರಡನೆಯದಕ್ಕೆ ಗರಿಷ್ಠ ಮೊತ್ತ ಬರೆಯುವ ಜಾಗವಿದೆ. ತಿಂಗಳಿಗೆ ಎಂಟು ಸಾವಿರದ ಮಾಲು ತರಿಸುವವರು ಎಲ್ಲಿಗಾದರೂ ಇರಲಿ ಎಂದು ಅಲ್ಲಿ ಒಂದು ಲಕ್ಷ ಬರೆದುಬಿಡುವುದು ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟಂತೆಯೇ. ಕಾರ್ಡು ಮತ್ತು ಯುಪಿಐ ಮೂಲಕ ಮರುಕಳಿಸುವ ಇಂಥ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕು ನಿಯಮ ಮಾಡಿದೆ. ಆ ಸಂದೇಶವನ್ನು ಓದದೆ ಅಳಿಸುವವರೇ ಹೆಚ್ಚು.

ಎಲ್ಲ ಬಿಲ್ಲಿಗೂ ಇದು ಹೊಂದುವುದಿಲ್ಲ. ಬಾಡಿಗೆ, ಫೋನು, ಸಾಲದ ಕಂತು, ಹೆಸ್ಕಾಂ ಬಿಲ್ಲು ಇವಕ್ಕೆ ಸರಿ. ಸವಣೂರಿನ ಎಲೆಬಳ್ಳಿಯ ತೋಟದಿಂದ ಬರುವ ಎಲೆಗೆ ಇಂದಿನ ದರ ನಾಳೆಗಿಲ್ಲ. ಬ್ಯಾಡಗಿಯ ಮಾರುಕಟ್ಟೆಗೆ ಹೋಗುವ ಮೆಣಸಿನಕಾಯಿಗೆ ಟೆಂಡರಿನಲ್ಲಿ ಲಾಟಿನಿಂದ ಲಾಟಿಗೆ ಬೆಲೆ ಬೇರೆ. ತೂಕವಾಗಿ ಪಟ್ಟಿ ಬರೆಯುವವರೆಗೆ ಮೊತ್ತವೇ ಗೊತ್ತಿರುವುದಿಲ್ಲ. ಹಾನಗಲ್ಲಿನ ಮಾವಿನ ಹಣ್ಣಿಗೆ ಪೆಟ್ಟಿಗೆ ಬಿಚ್ಚಿ ನೋಡದೆ ಹಣ ಕೊಡುವ ವ್ಯಾಪಾರಿ ಬಹುದಿನ ವ್ಯಾಪಾರ ಮಾಡಲಾರ. ಇಂಥಲ್ಲಿ ಹೇಳಿ ಕಳಿಸಿದ ಆರ್ಡರು, ನಿಜಕ್ಕೂ ಇಳಿದ ಮಾಲು, ಬಂದ ಬಿಲ್ಲು, ಈ ಮೂರನ್ನೂ ತಾಳೆ ನೋಡಿದ ಮೇಲೆಯೇ ಹಣ ಹೊರಡಬೇಕು. ದೊಡ್ಡ ಕಂಪನಿಗಳಲ್ಲಿ ಈ ತಾಳೆಯನ್ನೂ ಕಂಪ್ಯೂಟರೇ ಮಾಡುತ್ತದೆ. ಪೇಟೆಯ ಅಂಗಡಿಯಲ್ಲಿ ಅದು ಇನ್ನೂ ಗುಮಾಸ್ತನ ಕೆಲಸ.

ಇನ್ನು ಋತುವಿನ ಪ್ರಶ್ನೆ. ಹಿರೇಕೆರೂರಿನಲ್ಲಿ ಒಂದು ಬೀಜ ಗೊಬ್ಬರದ ಅಂಗಡಿ ಇದೆಯೆಂದುಕೊಳ್ಳಿ. ಜೂನಿನಲ್ಲಿ ಗೋವಿನಜೋಳ ಬಿತ್ತುವ ರೈತ ಉದ್ರಿ ಒಯ್ಯುತ್ತಾನೆ, ಮಾಲು ಮಾರಿ ಬಾಕಿ ತೀರಿಸುವ ಹೊತ್ತಿಗೆ ದೀಪಾವಳಿ ದಾಟಿರುತ್ತದೆ. ಹುಬ್ಬಳ್ಳಿಯ ಸಗಟು ವ್ಯಾಪಾರಿಯ ಮ್ಯಾಂಡೇಟು ಮಾತ್ರ ಜುಲೈ 5ಕ್ಕೇ ಖಾತೆಗೆ ಕೈ ಹಾಕುತ್ತದೆ. ಅದಕ್ಕೆ ಮಳೆ ಗೊತ್ತಿಲ್ಲ. ಹಣವಿಲ್ಲದೆ ಅದು ಹಿಂದಿರುಗಿದರೆ ಬ್ಯಾಂಕು ಶುಲ್ಕ ಹಾಕುತ್ತದೆ. ಅಷ್ಟಕ್ಕೇ ಮುಗಿಯುವುದಿಲ್ಲ. 2007ರ ಪಾವತಿ ಮತ್ತು ತೀರುವಳಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಇದನ್ನೂ ಚೆಕ್ ಬೌನ್ಸಿನ ಸಾಲಿಗೇ ಸೇರಿಸಿದೆ. ಬ್ಯಾಂಕಿನಿಂದ ವಿಷಯ ತಿಳಿದ 30 ದಿನಗಳೊಳಗೆ ಹಣ ಬರಬೇಕಾದವನು ಲಿಖಿತ ನೋಟೀಸು ಕೊಡಬೇಕು. ಅದು ತಲುಪಿದ 15 ದಿನಗಳಲ್ಲಿ ಹಣ ಸಲ್ಲದಿದ್ದರೆ ಎರಡು ವರ್ಷದವರೆಗೆ ಸೆರೆ, ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಕಲ್ಲಿನ ಮೇಲಿನ ಶಾಪದ ಜಾಗದಲ್ಲಿ ಈಗ ಇರುವುದು ಇದು. ಆದ್ದರಿಂದ ಸಹಿ ಹಾಕುವ ಮೊದಲೇ ಕಂತುಗಳನ್ನು ಸುಗ್ಗಿಯತ್ತ ಸರಿಸಿಕೊಳ್ಳಲು ಸಗಟು ವ್ಯಾಪಾರಿಯ ಜೊತೆ ಕೂತು ಮಾತಾಡುವುದು ಲೇಸು.

ಕೊಡುವವನ ಕಷ್ಟದ ಆಚೆಗೆ, ಪಡೆಯಬೇಕಾದವನ ಪಾಡು ಇನ್ನೂ ದೊಡ್ಡದು. ಕೃಷಿ ಉಪಕರಣ ಮಾಡಿಕೊಡುವ ವೆಲ್ಡಿಂಗ್ ಶೆಡ್ಡಿನವನು ಕಬ್ಬಿಣಕ್ಕೆ ನಗದು ಕೊಟ್ಟಿರುತ್ತಾನೆ, ಮಾಲು ಒಯ್ದ ಕಂಪನಿ ಆರು ತಿಂಗಳು ಅಲೆಸುತ್ತದೆ. ಇಂಥವರಿಗೆಂದೇ 2006ರ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಬಂತು. ಕರಾರಿದ್ದರೂ 45 ದಿನ ಮೀರುವಂತಿಲ್ಲ, ಕರಾರಿಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ಚೆನ್ನಾಗಿಯೇ ಇದ್ದ ಇದನ್ನು ಕೇಳಿ ಪಡೆದವರು ಕಡಿಮೆ. ಬಡ್ಡಿ ಕೇಳಿದರೆ ಗಿರಾಕಿ ಹೋಗುತ್ತಾನೆಂಬ ಅಂಜಿಕೆ. 2023ರ ಹಣಕಾಸು ಕಾಯ್ದೆ ಬೇರೆ ದಾರಿ ಹಿಡಿಯಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಡುವ ವರ್ಷದವರೆಗೆ ಆ ಖರ್ಚನ್ನು ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂದಿತು. ತೆರಿಗೆಯ ಮಾತು ಬಂದ ಮೇಲೆ ಲೆಕ್ಕಪರಿಶೋಧಕರೇ ಮಾರ್ಚಿಗೆ ಮುಂಚೆ ಬಾಕಿ ತೀರಿಸಿರೆಂದು ಹೇಳತೊಡಗಿದರು. ಇದರ ಲಾಭ ಸಿಗಬೇಕಾದರೆ ಶೆಡ್ಡಿನವನು ಉದ್ಯಮ್ ನೋಂದಣಿ ಮಾಡಿಸಿರಬೇಕು. ಅದರ ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸುವುದು ಲೇಸು. ಬರೀ ಕೊಂಡು ಮಾರುವ ವ್ಯಾಪಾರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ.

ವ್ಯವಹಾರ ಮುಗಿದ ಮೇಲೂ ಮ್ಯಾಂಡೇಟು ಮುಗಿಯದೆ ಉಳಿದಿರಬಹುದು. ಸಗಟು ವ್ಯಾಪಾರಿಯನ್ನು ಬದಲಿಸಿದ ದಿನವೇ ಬ್ಯಾಂಕಿಗೆ ಹೇಳಿ ಅದನ್ನು ರದ್ದು ಮಾಡಿಸಬೇಕು. ಯುಪಿಐ ಆದರೆ ಫೋನಿನಲ್ಲಿಯೇ ರದ್ದು ಮಾಡಲು ಬರುತ್ತದೆ. ‘ನಮ್ಮ ಖಾತೆ ಸಂಖ್ಯೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಾಕಿ’ ಎಂದು ಕಾಗದವೋ ಸಂದೇಶವೋ ಬಂದರೆ, ಅದರಲ್ಲಿರುವ ನಂಬರಿಗಲ್ಲ, ನಿಮ್ಮ ಹಳೆಯ ಖತಾವಣಿಯಲ್ಲಿ ಬರೆದಿಟ್ಟ ನಂಬರಿಗೆ ಫೋನು ಮಾಡಿ ಕೇಳಿ.